ಅರ್ಧ ಗಂಟೆಯ ದೂರು

ನಮ್ಮ ಮನೆಯ ಕರೆಗಂಟೆಯನ್ನು ದೇವರೇ ಬಂದು ಬಾರಿಸುತ್ತಾನೆ ಎಂದು ನಾನು ಒಂದು ತಿಂಗಳು ಪೂರ್ತಿ ನಂಬಿಕೊಂಡಿದ್ದೆ. ದಿನಾ ನೈವೇದ್ಯದ ಹೊತ್ತಿಗೆ, ಅನ್ನದ ಮೇಲೆ ತುಳಸೀದಳ ಇಡುವುದಕ್ಕೂ ಬಾಗಿಲಲ್ಲಿ ಗಂಟೆ ಆಗುವುದಕ್ಕೂ ಸರಿಹೋಗುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಮೊದಲ ಎರಡು ದಿನ ಹೆದರಿದೆ. ಮೂರನೆಯ ದಿನ ಕೈಮುಗಿದೆ. ವಾರ ಕಳೆಯುವಷ್ಟರಲ್ಲಿ ನಮ್ಮ ಭಜನಾ ಮಂಡಳಿಯ ಅಷ್ಟೂ ಹೆಂಗಸರಿಗೆ ಹೇಳಿ ಮುಗಿಸಿದ್ದೆ. ಇಬ್ಬರಂತೂ ಬಂದು ಗಂಟೆಯ ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ ಹೋದರು.

ಗುಟ್ಟು ಒಡೆದವರು ನಮ್ಮ ಮೇಲಿನ ಮನೆಯವರು. ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅವರು ಫೋನು ಮಾಡಿ, ನನ್ನ ಹೆಸರಿಲ್ಲದಿದ್ದರೂ ಈ ವಿಷಯ ತಿಳಿಯುತ್ತಿತ್ತಲ್ಲ, ಮತ್ತೆ ಯಾಕೆ ಹಾಕಿದಿರಿ ಎಂದು ಕೇಳುತ್ತಾರೆ. ಬೇಡದ ಒಂದು ಮಾತೂ ಇರಬಾರದು ಎನ್ನುವುದು ಅವರ ನೇಮ. ಬೇಡದ ಮಾತೇ ನನ್ನ ಬಂಡವಾಳ. ಹೀಗಿರುವ ನಾವಿಬ್ಬರು ಹೈದರಾಬಾದಿನ ಮಲ್ಕಾಜ್‌ಗಿರಿಯ ಒಂದೇ ಕಟ್ಟಡದಲ್ಲಿ, ಒಬ್ಬರ ತಲೆಯ ಮೇಲೆ ಒಬ್ಬರು, ಒಂಬತ್ತು ವರ್ಷ ಇದ್ದೆವು.

ಧಾರವಾಡದ ಕಡೆಯವರು. ಐವತ್ತು ದಾಟಿದ್ದರು, ಮದುವೆ ಮಾಡಿಕೊಂಡಿರಲಿಲ್ಲ. ಕೂಕಟ್‌ಪಲ್ಲಿಯಲ್ಲಿ ಯಾವುದೋ ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ಹೋಗಲು ಒಂದೂವರೆ ಗಂಟೆ, ಬರಲು ಎರಡು. ನನ್ನನ್ನು 'ವೈನಿ' ಎನ್ನುತ್ತಿದ್ದರು. ಮನೆಯಲ್ಲಿ ಅಣ್ಣನ ಹೆಂಡತಿಯನ್ನು ಕರೆಯುವಂತೆ. ಈ ಊರಿನಲ್ಲಿ ನನ್ನನ್ನು ಆಂಟಿ, ಅಮ್ಮ, ಮೇಡಂ, ಭಾಭಿ ಎಂದು ಕರೆಯುವವರು ಬೇಕಾದಷ್ಟಿದ್ದರು. ವೈನಿ ಎನ್ನುವವರು ಅವರೊಬ್ಬರೇ. ರಾತ್ರಿ ದೀಪದ ಮುಂದೆ ಕುಳಿತು ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಮೂರು ಎಣಿಸುವುದು ನನ್ನ ಅಭ್ಯಾಸ. ಗ್ಯಾಸು ಅಡಿಗೆ ನಡುವೆ ಮುಗಿಯಲಿಲ್ಲ, ಮೊಣಕಾಲು ಮೆಟ್ಟಿಲು ಹತ್ತುವ ತನಕ ತಡೆಯಿತು, ಇಂಥವು. ಎಷ್ಟೋ ದಿನ ಮೂರನೆಯದು ಸಿಗದಿದ್ದಾಗ, ಯಾರೋ ವೈನಿ ಎಂದು ಕರೆದರು ಎಂದು ಸೇರಿಸಿದ್ದೇನೆ.

ಗಂಟೆಯ ಮಹಿಮೆಯನ್ನು ಅವರಿಗೂ ಲಿಫ್ಟಿನಲ್ಲಿ ಹೇಳಿದೆ. ಅತ್ತೆಯವರು ಕೊಟ್ಟ ಸಾಲಿಗ್ರಾಮದಿಂದ ಶುರುಮಾಡಿದ್ದೆ. ಮೂರನೆಯ ಮಹಡಿ ಬಂದರೂ ಕಥೆ ಗಂಟೆಯ ಹತ್ತಿರ ಬಂದಿರಲಿಲ್ಲ. ಅವರು ಕನ್ನಡಕವನ್ನು ಹಣೆಗೆ ಏರಿಸಿ ಎಡಗಿವಿಯ ತುದಿಯನ್ನು ಹಿಡಿದುಕೊಂಡರು. ಮುಖ್ಯವಾದದ್ದನ್ನು ಹೇಳುವ ಮೊದಲು ಅವರ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

"ವೈನಿ, ನೀವು ಏನು ಮಾಡಿದ್ರಿ, ಏನು ಆಗಬೇಕಾಗಿತ್ತು, ಏನು ಆತು. ಈ ಮೂರು ಹೇಳ್ರಿ. ಉಳಿದದ್ದು ಪುರಾಣ."

ಮರುದಿನ ರಜೆ ಹಾಕಿ ನಮ್ಮ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತರು. ಗಂಟೆಗೆ ರಜೆ ಹಾಕಿದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಹನ್ನೆರಡು ಹೊಡೆಯಲು ಐದು ನಿಮಿಷಕ್ಕೆ ಗಂಟೆ ಆಯಿತು. ಅವರು ಮೆಟ್ಟಿಲಿಳಿದು ಓಡಿದರು. ನಮ್ಮ ಕೆಳಗಿನ ಮನೆಯ ವಯಸ್ಸಾದ ಗಂಡ ಹೆಂಡತಿಗೆ ಊಟದ ಡಬ್ಬಿ ತರುವವನು ಅಲ್ಲಿನ ಗುಂಡಿ ಒತ್ತಿದ್ದ. ಎರಡೂ ಮನೆಯದು ತಂತಿಯಿಲ್ಲದ ಗಂಟೆ, ಒಂದೇ ಅಂಗಡಿಯದು. ಅಲ್ಲಿ ಒತ್ತಿದರೆ ಇಲ್ಲಿಯೂ ಕೂಗುತ್ತಿತ್ತು. ಅವರು ನಗಲಿಲ್ಲ. ಅಷ್ಟೇ ಅಲ್ಲ, ಡಬ್ಬಿಯವನಿಂದ ಹತ್ತು ಸಲ ಒತ್ತಿಸಿ ಹತ್ತೂ ಸಲ ಆಗುವುದನ್ನು ಖಾತ್ರಿಮಾಡಿಕೊಂಡರು. ನಾನು ಗಂಟೆಯ ಕುಂಕುಮ ಒರೆಸುತ್ತ ನಿಂತಿದ್ದೆ. "ನಿಮ್ಮ ಭಕ್ತಿಗೆ ಏನೂ ಆಗಿಲ್ಲ ವೈನಿ, ಗಂಟಿಗಷ್ಟ ಆಗ್ಯದ," ಎಂದರು. ಆ ರಾತ್ರಿ ದೀಪದ ಮುಂದೆ ಅದನ್ನೂ ಎಣಿಸಿದೆ.

ಕಂಪನಿ ಕೆಲಸ ಹೊಟ್ಟೆಪಾಡಿಗೆ. ಅವರ ಮನಸ್ಸು ಇದ್ದದ್ದು ಬೇರೆ ಕಡೆ. ಪ್ರೋಗ್ರಾಂ ಬರೆಯಲು ಒಂದು ಭಾಷೆ ಇರುತ್ತದಂತೆ, ಆ ಭಾಷೆಯ ಜೊತೆಯಲ್ಲೇ ಒಂದು ಲೈಬ್ರರಿ ಬರುತ್ತದಂತೆ. ಪುಸ್ತಕದ್ದಲ್ಲ. ನನಗೆ ತಿಳಿಯುವ ಹಾಗೆ ಹೇಳಿರಿ ಎಂದದ್ದಕ್ಕೆ ನಮ್ಮ ಅಡಿಗೆಮನೆಯ ಅಕ್ಕಿ ಡಬ್ಬಿಯಿಂದ ಹಿತ್ತಾಳೆ ಪಾವು ತೆಗೆದು ತೋರಿಸಿದರು. ಹೊಸದಾಗಿ ಮನೆ ಹೂಡುವವರಿಗೆಲ್ಲ ಒಂದೇ ಕಡೆಯಿಂದ ಪಾವು, ಸೇರು, ಸೌಟು ಬರುತ್ತವೆ ಎಂದುಕೊಳ್ಳಿ. ಯಾರೂ ಮನೆಯಲ್ಲಿ ಪಾವು ಮಾಡಿಕೊಳ್ಳುವುದಿಲ್ಲ, ಬಂದದ್ದನ್ನೇ ನಂಬಿ ಅಳೆಯುತ್ತಾರೆ. ಆ ಪಾವಿನ ತಳದಲ್ಲಿ ಸಾಸಿವೆಯಷ್ಟು ತೂತಿದ್ದರೆ ಲೋಕದ ಅಡಿಗೆಯೆಲ್ಲ ಸಾಸಿವೆಯಷ್ಟು ತಪ್ಪುತ್ತದೆ. ಪ್ರತಿಯೊಬ್ಬಳೂ ತನ್ನ ಕೈಗುಣವೇ ಸರಿಯಿಲ್ಲ ಎಂದು ಅಳುತ್ತಾಳೆ. ಆ ತೂತು ಹುಡುಕಿ, ಪಾವು ಮಾಡುವವರಿಗೆ ಬರೆದು ತಿಳಿಸುವುದು ಅವರ ಹವ್ಯಾಸ. ಯಾರೂ ಹೇಳಿದ್ದಲ್ಲ, ಯಾರೂ ಏನೂ ಕೊಡುವುದಿಲ್ಲ. ಬೇರೆಯವರು ರವಿವಾರ ಕ್ರಿಕೆಟ್ ನೋಡುವಂತೆ ಇವರು ತೂತು ನೋಡುತ್ತಿದ್ದರು.

ಬರೆಯುವುದಕ್ಕೂ ಮಡಿ ಮೈಲಿಗೆ ಇತ್ತು. ಇದೇ ದೂರನ್ನು ಹಿಂದೆ ಯಾರಾದರೂ ಕೊಟ್ಟಿದ್ದಾರೆಯೇ ಎಂದು ಮೊದಲು ಹುಡುಕಬೇಕು. ಒಂದು ದೂರಿಗೆ ಒಂದೇ ವಿಷಯ. ಯಾವ ಕಂಪ್ಯೂಟರು, ಭಾಷೆಯ ಯಾವ ಆವೃತ್ತಿ ಎಂದು ತಪ್ಪದೆ ಬರೆಯಬೇಕು. ಪಂಚಾಂಗ ಎಂದರೆ ಯಾವ ವರ್ಷದ ಪಂಚಾಂಗ ಎನ್ನಬೇಕಲ್ಲ, ಹಾಗೆ. ಸಿಟ್ಟು ಕಾಣಿಸಬಾರದು, 'ಭಾಳ', 'ಎಂಥಾ' ಎಂಬ ಮಾತು ಬರಬಾರದು. ಆಮೇಲೆ ಎಲ್ಲೆಲ್ಲಿಯವರೋ ಅದನ್ನು ಓದಿ ಚರ್ಚೆ ಮಾಡುತ್ತಾರೆ. ಅದು ತೂತಲ್ಲ, ಬೇಕೆಂದೇ ಬಿಟ್ಟದ್ದು ಎನ್ನುತ್ತಾನೆ ಒಬ್ಬ. ನಮ್ಮಲ್ಲಿ ಸೋರುತ್ತಿಲ್ಲವಲ್ಲ ಎನ್ನುತ್ತಾನೆ ಇನ್ನೊಬ್ಬ. ಅವರ ಆ ಜಗತ್ತಿನಲ್ಲಿ ಎಲ್ಲಕ್ಕಿಂತ ಸಿಹಿಯಾದ ಮಾತು ಹೊಗಳಿಕೆಯಲ್ಲವಂತೆ. ಯಾರೋ ಗುರುತಿಲ್ಲದವನು ಬಂದು, ನೀವು ಹೇಳಿದಂತೆ ಮಾಡಿ ನೋಡಿದೆ, "ನನಗೂ ಹಾಗೇ ಆಯಿತು" ಎಂದು ಬರೆಯುವುದು.

"ಅಷ್ಟ ಸಾಕು ನೋಡ್ರಿ," ಎನ್ನುತ್ತಿದ್ದರು. "ನಮಗ ಹುಚ್ಚು ಹಿಡಿದಿಲ್ಲಾ ಅಂತ ಗೊತ್ತಾಗ್ತದ."

ಒಮ್ಮೆ ಲಿಫ್ಟು ನಿಂತುಹೋಗಿತ್ತು. ಯಾದಗಿರಿ ಕಡೆಯ ನಮ್ಮ ವಾಚ್‌ಮನ್ ಎಂದಿನಂತೆ "ಕೆಟ್ಟೈತ್ರಿ" ಎಂದ. ಇವರು ಅವನನ್ನೇ ಒಳಗೆ ನಿಲ್ಲಿಸಿಕೊಂಡು ಅರ್ಧ ತಾಸು ಮೇಲೆ ಕೆಳಗೆ ಓಡಾಡಿ, ಮೂರು ಒತ್ತಿ ಬಾಗಿಲು ಮುಚ್ಚುವ ಮೊದಲೇ ನಾಲ್ಕು ಒತ್ತಿದರೆ ಎರಡರಲ್ಲಿ ನಿಲ್ಲುತ್ತದೆ ಎಂದು ಕಾಗದದಲ್ಲಿ ಬರೆದು ಅಂಟಿಸಿದರು. ರಿಪೇರಿಯವನು ಅದನ್ನು ಓದಿ ಹತ್ತು ನಿಮಿಷದಲ್ಲಿ ಸರಿಮಾಡಿದ. ಆಮೇಲೆ ವಾಚ್‌ಮನ್ ಕೂಡ ಕೆಟ್ಟೈತಿ ಎನ್ನುವುದು ಬಿಟ್ಟ. "ಮೋಟರ್ ಹಚ್ಚೀನ್ರಿ, ನೀರು ಏರಬೇಕಿತ್ತು, ಏರಿಲ್ರಿ," ಎನ್ನತೊಡಗಿದ. ಸುಧಾರಿಸದೆ ಉಳಿದವಳು ನಾನೊಬ್ಬಳೇ.

ಅವರ ಹತ್ತಾರು ದೂರುಗಳಲ್ಲಿ ಒಂದು ಮಾತ್ರ ಅವರಿಗೆ ಮಗುವಿನಂತೆ. ನಾನು ಅದಕ್ಕೆ 'ಅರ್ಧ ಗಂಟೆ' ಎಂದೇ ಹೆಸರಿಟ್ಟಿದ್ದೆ. ಬಹಳ ದೇಶಗಳ ಗಡಿಯಾರಕ್ಕೂ ಬೇರೆ ದೇಶದ ಗಡಿಯಾರಕ್ಕೂ ಪೂರ್ತಿ ಗಂಟೆಗಳ ವ್ಯತ್ಯಾಸ. ನಮ್ಮದು ಲೋಕದ ಮೂಲ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದೆ, ಅಲ್ಲೊಂದು ಅರ್ಧ ಉಳಿಯುತ್ತದೆ. ಮಧ್ಯರಾತ್ರಿ ದಾಟಿ ತಿಂಗಳು ಬದಲಾಗುವಾಗ, ಆ ಮೊದಲ ಅರ್ಧ ಗಂಟೆಯ ತಾರೀಖನ್ನು ಕೇಳಿದರೆ, ಲೈಬ್ರರಿ ಒಂದನೇ ತಾರೀಖಿನ ಬದಲು ಹಿಂದಿನ ದಿನ ಹೇಳುತ್ತದೆ ಎನ್ನುವುದು ಅವರ ದೂರು. ಅಲ್ಲಿಯವರು ತಮ್ಮ ಊರಿನ ಗಡಿಯಾರದಲ್ಲಿ ನೋಡಿ, ನಮಗೆ ಹಾಗೆ ಆಗುತ್ತಿಲ್ಲ ಎಂದು ಬರೆದರು. ಒಂದು ವರ್ಷ ಅದು ಹಾಗೇ ನಿಂತಿತ್ತು. "ಅರ್ಧ ಗಂಟೆ ಏನಾತ್ರಿ?" ಎಂದು ನಾನು ಕೇಳುತ್ತಿದ್ದೆ. "ಯಾರಿಗೂ ಬ್ಯಾಡಾಗ್ಯದ ವೈನಿ," ಎನ್ನುತ್ತಿದ್ದರು.

ಇನ್ನು ನನ್ನ ಪ್ರತಾಪಕ್ಕೆ ಬರುತ್ತೇನೆ.

ನಮ್ಮ ಮಂಡಳಿಯಲ್ಲಿ ಹನ್ನೊಂದು ಹೆಂಗಸರು. ರಾಯಚೂರು, ಕಲಬುರಗಿ ಕಡೆಯಿಂದ ಈ ಊರಿಗೆ ಬಂದು ಸೇರಿದವರು. ಎಲ್ಲರೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ಏಕಾದಶಿ ಎಂದರೆ ನೀರೂ ಇಲ್ಲದ ಉಪವಾಸ, ಮರುದಿನ ಬೆಳಕು ಹರಿಯುತ್ತಲೇ ದ್ವಾದಶಿ ಪಾರಣೆ. ಏಕಾದಶಿ ಯಾವತ್ತು ಎಂಬುದೇ ಒಂದು ಶಾಸ್ತ್ರ. ಕೆಲವು ತಿಂಗಳು ಸ್ಮಾರ್ತರಿಗೆ ಒಂದು ದಿನ, ನಮಗೆ ಅದರ ಮರುದಿನ. ಅದಕ್ಕೇ ಮಠದ ಪಂಚಾಂಗ ನೋಡಿಯೇ ಮಾಡಬೇಕು. ಪ್ರತಿ ಸಲ ಉಳಿದ ಹತ್ತು ಜನರೂ ನನಗೆ ಫೋನು ಮಾಡಿ ಕೇಳುತ್ತಿದ್ದರು, ಏಕೆಂದರೆ ಎಲ್ಲ ನನಗೆ ಗೊತ್ತು ಎಂದು ನಾನೇ ಪ್ರಚಾರ ಮಾಡಿದ್ದೆ. ಮೇಲಿನ ಮನೆಯವರು ಇದನ್ನು ನೋಡಿ, ಒಂದು ಸಣ್ಣ ಪ್ರೋಗ್ರಾಂ ಬರೆದು ಕೊಡುತ್ತೇನೆ, ದಶಮಿಯ ಬೆಳಿಗ್ಗೆ ಎಲ್ಲರ ಫೋನಿಗೂ 'ನಾಳೆ ಏಕಾದಶಿ' ಎಂದು ತಾನೇ ಹೋಗುತ್ತದೆ, ನೀವು ವರ್ಷದ ತಾರೀಖಿನ ಯಾದಿ ಮಾತ್ರ ಕೊಡಿ ಎಂದರು. ನಾನು ಮಂಡಳಿಯಲ್ಲಿ ಏನು ಹೇಳಿದೆ ಎಂದರೆ, ನಾವೊಂದು ಪ್ರೋಗ್ರಾಂ ಮಾಡಿದ್ದೇವೆ ಎಂದು. ನಾವು.

ಯಾದಿ ಬರೆಯಲು ಕೂತೆ. ಒಂದು ತಿಂಗಳಿನ ಎರಡು ಹಾಳೆ ಪಂಚಾಮೃತದ ಜೇನುತುಪ್ಪ ಬಿದ್ದು ಅಂಟಿಕೊಂಡಿದ್ದವು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅಡಿಗೆಮನೆಯ ಗೋಡೆಯಲ್ಲಿ ಕಿರಾಣಿ ಅಂಗಡಿಯವರು ಕೊಟ್ಟ ತೆಲುಗು ಕ್ಯಾಲೆಂಡರು ತೂಗುತ್ತಿತ್ತು. ಅದರಿಂದ ಆ ತಿಂಗಳ ಎರಡು ತಾರೀಖು ಬರೆದುಕೊಂಡೆ, ಮರೆಯಬಾರದೆಂದು ಅಲ್ಲೇ ಕುಂಕುಮದಿಂದ ಎರಡು ಬೊಟ್ಟು ಇಟ್ಟೆ. ಸಾರು ಉಕ್ಕುವ ಮೊದಲೇ ಯಾದಿ ಮುಗಿದಿತ್ತು. ಸಾರು ಉಕ್ಕಲಿಲ್ಲವಲ್ಲ ಎಂದು ಅಂದಿನ ಉಪಕಾರಗಳಲ್ಲಿ ಎಣಿಸಿದ್ದೂ ನೆನಪಿದೆ.

ಕೆಲವು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಫೋನಿಗೆ ಬರುತ್ತದೆ ಎಂದ ಮೇಲೆ ಹನ್ನೊಂದು ಮನೆಯಲ್ಲಿ ಒಂದರಲ್ಲೂ ಪಂಚಾಂಗ ತೆರೆಯುವವರಿಲ್ಲವಾದರು. ಆ ತಿಂಗಳು ಮೂವತ್ತನೇ ತಾರೀಖು 'ನಾಳೆ ಏಕಾದಶಿ' ಎಂದು ಬಂತು. ಮೂವತ್ತೊಂದಕ್ಕೆ ಉಪವಾಸ ಮಾಡಿದೆವು. ಒಂದನೇ ತಾರೀಖು ಬೆಳಗಾಗುತ್ತಲೇ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಗೊಜ್ಜು, ಹೆಸರುಬೇಳೆ ಪಾಯಸ ಮಾಡಿ ಪಾರಣೆಗೆ ಕೂತೆವು. ಎರಡನೆಯ ಸಲ ಪಾಯಸ ಬಡಿಸಿಕೊಳ್ಳುವಾಗ ರಾಯಚೂರಿನಿಂದ ತಂಗಿಯ ಫೋನು. ಇವತ್ತು ಏಕಾದಶಿ, ಬಾಯಿ ಒಣಗಿದೆ, ಹೆಚ್ಚು ಮಾತಾಡುವುದಿಲ್ಲ ಎಂದಳು. ನನ್ನ ಬಾಯಲ್ಲಿ ಪಾಯಸವಿತ್ತು. ನಾನೂ ಹೆಚ್ಚು ಮಾತಾಡಲಿಲ್ಲ.

ದಶಮಿಗೆ ಉಪವಾಸ, ಏಕಾದಶಿಗೆ ಔತಣ. ಹನ್ನೊಂದೂ ಮನೆಯಲ್ಲಿ. ಉಳಿದ ಹೊತ್ತು ನಾನು ನೀರು ಮುಟ್ಟದೆ ಕೂತೆ. ಹೊಟ್ಟೆ ತುಂಬಿದ ಮೇಲೆ ಉಪವಾಸ ಎಷ್ಟು ಸುಲಭ ಎಂದು ಅವತ್ತು ತಿಳಿಯಿತು. ಮಧ್ಯಾಹ್ನ ನೀರು ಕಾಯಿಸಿ, ಆ ಅಂಟಿದ ಹಾಳೆಗಳನ್ನು ಹಬೆಗೆ ಹಿಡಿದು ಮೆಲ್ಲಗೆ ಬಿಡಿಸಿದೆ. ಒಂದನೇ ತಾರೀಖು ಏಕಾದಶಿ ಎಂದು ದಪ್ಪ ಅಕ್ಷರದಲ್ಲಿತ್ತು. ಕ್ಯಾಲೆಂಡರಿನವರದು ಸ್ಮಾರ್ತ ಏಕಾದಶಿ. ತಪ್ಪು ಕ್ಯಾಲೆಂಡರಿನದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಹಾಳೆಯನ್ನು ಮಡಚಿ ಪಂಚಾಂಗವನ್ನು ದೇವರ ಗೂಡಿನ ಹಿಂದೆ ಸೇರಿಸಿದೆ.

ಸಂಜೆ ಮಂಡಳಿ ಸೇರಿತು. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಎಂಬತ್ತರ ಹತ್ತಿರದವರು. "ದಶಮಿ ಯಾವುದು ಏಕಾದಶಿ ಯಾವುದು ಮಷೀನಿಗೇನು ಗೊತ್ತವಾ? ನಂಬಿದ ನಾವು ಶಾಣ್ಯಾರು," ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಅಲ್ಲಿ ನಾನು ಎರಡು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಹೇಳಿದ್ದು, "ಹೌದ್ರಿ, ಯಂತ್ರದ್ದ ತಪ್ಪು." ಆಗ 'ನಾವು ಮಾಡಿದ ಪ್ರೋಗ್ರಾಂ' ಎನ್ನಲಿಲ್ಲ ನೋಡಿ.

ಸುದ್ದಿ ತಿಳಿದು ಮೇಲಿನ ಮನೆಯವರು ಕೈಮುಗಿದುಕೊಂಡು ಬಂದು ಹನ್ನೊಂದು ಜನರ ಮುಂದೆ ನಿಂತು ಕ್ಷಮೆ ಕೇಳಿದರು. ಆದರೆ ಮೆಟ್ಟಿಲು ಹತ್ತುವಾಗ ಅವರ ಮುಖದಲ್ಲಿ ಬೇರೆಯೇ ಬೆಳಕು. ಒಂದನೇ ತಾರೀಖಿನದು ಹಿಂದಿನ ದಿನಕ್ಕೆ ಜಾರಿದೆ, ಅದೂ ತಿಂಗಳು ಬದಲಾಗುವಲ್ಲಿ. ಅವರು ಒಂದು ವರ್ಷದಿಂದ ಹೇಳುತ್ತಿದ್ದದ್ದು ಇದನ್ನೇ. ಅವರ ಅರ್ಧ ಗಂಟೆ ಕೊನೆಗೂ ಕೈಗೆ ಸಿಕ್ಕಿತ್ತು. ನನ್ನ ಯಾದಿಯನ್ನು ತೆಗೆದೂ ನೋಡದೆ ಅಂದು ರಾತ್ರಿಯೇ ಹೊಸ ದೂರು ಬರೆದರು. ತಮ್ಮ ನೇಮವನ್ನೆಲ್ಲ ಮರೆತು, ಹೈದರಾಬಾದಿನ ಹನ್ನೊಂದು ಮಹಿಳೆಯರು ನಿಮ್ಮ ಲೈಬ್ರರಿಯಿಂದಾಗಿ ತಪ್ಪು ದಿನ ಉಪವಾಸ ಮಾಡಿದರು ಎಂದೂ ಸೇರಿಸಿದರು. ಬೆಳಿಗ್ಗೆ ನನ್ನ ಫೋನಿಗೆ ಅದರ ಕೊಂಡಿ ಕಳಿಸಿ, ನಿಮ್ಮ ಏಕಾದಶಿ ಲೋಕ ಸುತ್ತುತ್ತಿದೆ ಎಂದು ಬರೆದರು. ನಿಜವಾಗಿಯೂ ಸುತ್ತಿತು. ನಾಲ್ಕು ದಿನದಲ್ಲಿ ನಲವತ್ತಕ್ಕೂ ಮಿಕ್ಕಿ ಉತ್ತರ. ಈ ದೋಷ ಕಾಣಲು ಚಂದ್ರ ಆಕಾಶದಲ್ಲಿ ಇರಲೇಬೇಕೇ ಎಂದು ಒಬ್ಬರು ಕೇಳಿದ್ದರಂತೆ. ಆ ಲೈಬ್ರರಿ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ತನ್ನ ಶನಿವಾರ ರವಿವಾರ ಎರಡನ್ನೂ ಇದಕ್ಕೇ ಇಟ್ಟಳಂತೆ. ಆದರೂ ಅವಳಿಗೆ ದೋಷ ಸಿಗಲಿಲ್ಲ.

ಐದನೆಯ ದಿನ ಅವರು ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಕನ್ನಡಕ ಹಣೆಯ ಮೇಲಿತ್ತು, ಕೈ ಕಿವಿಯ ಮೇಲಿತ್ತು.

"ವೈನಿ, ನೀವು ಕೊಟ್ಟ ಯಾದಿ ಪೂರ್ತಾ ಒಂದೇ ಪಂಚಾಂಗದ್ದಲ್ಲಾ?"

"ಹೌದ್ರಿ, ಮಠದ್ದ," ಎಂದೆ. ಕೈಯಲ್ಲಿ ಲಟ್ಟಣಿಗೆ, ಹಿಂದೆ ದೇವರ ಗೂಡು.

ಅವರ ಕಣ್ಣು ನನ್ನ ಹೆಗಲು ದಾಟಿ ಗೋಡೆಯ ಕಡೆ ಹೋಯಿತು. ಕನ್ನಡಕ ಇಳಿಸಿಕೊಂಡರು. ಕ್ಯಾಲೆಂಡರಿನ ಹಾಳೆಯನ್ನು ನಾನು ಇನ್ನೂ ತಿರುವಿರಲಿಲ್ಲ. ಮೂವತ್ತೊಂದರ ಮೇಲೆ ಕುಂಕುಮದ ಬೊಟ್ಟು ಹಣೆಯ ಮೇಲಿದ್ದ ಹಾಗೆ ಎದ್ದು ಕಾಣುತ್ತಿತ್ತು. ಅವರು ನೋಡಿದ್ದನ್ನು ನಾನು ನೋಡಿದೆ. ಒಂದು ಲೋಟ ನೀರು ಕೇಳಿದರು. ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ಬರತೀನಿ ವೈನಿ ಎಂದು ಹೋದರು.

ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಗುರುವಾರದ ಪ್ರಸಾದಕ್ಕೆ ಎಂದಿನಂತೆ ಬಂದರು, ಚಹಾ ಎಂದಿನಂತೆ ಬಸಿಗೆ ಸುರಿದುಕೊಂಡು ಕುಡಿದರು. ದೂರು ಹಿಂದಕ್ಕೆ ತೆಗೆದುಕೊಂಡೆ ಎಂದು ಮಾತ್ರ ಹೇಳಿದರು. ಅರ್ಧ ಗಂಟೆ ಏನಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಒಂದು ದಿನ ತಾವಾಗಿಯೇ, ಬಸಿ ನೋಡುತ್ತ, "ಒಮ್ಮೆ ಸುಳ್ಳು ದೂರು ಕೊಟ್ಟ ಮ್ಯಾಲೆ ಖರೇ ದೂರು ಯಾರು ಓದ್ತಾರ, ಹೌದಲ್ರಿ?" ಎಂದರು. ನನ್ನನ್ನು ಚುಚ್ಚಲು ಹೇಳಿದ್ದಲ್ಲ. ನಾನು ಇನ್ನಷ್ಟು ಚಹಾ ತರುತ್ತೇನೆ ಎಂದು ಒಳಗೆ ಹೋಗಿ, ಬೇಕಾಗಿಲ್ಲದ ಚಹಾ ಕುದಿಸುತ್ತ ನಿಂತೆ.

ಮರುವರ್ಷ ನಿವೃತ್ತರಾದರು. ಹುಬ್ಬಳ್ಳಿಯಲ್ಲಿ ಅಕ್ಕನ ಮನೆಗೆ ಹೊರಟರು. ಹೋಗುವ ದಿನ ನಮ್ಮ ಬಾಗಿಲಿಗೆ ತಂತಿಯಿರುವ ಹೊಸ ಗಂಟೆ ಹಾಕಿಸಿ, ಹತ್ತು ಸಲ ಒತ್ತಿ ನೋಡಿ ಹೋದರು.

ಅವರು ಹೋದ ಮೇಲೆ ಒಂದು ವರ್ಷ ನಾನು ಅದನ್ನೆಲ್ಲ ಮರೆತಂತೆಯೇ ಇದ್ದೆ. ಮೊನ್ನೆ ನಮ್ಮ ಯಜಮಾನರು ನನ್ನ ಫೋನಿನಲ್ಲಿ ಜಾಗವಿಲ್ಲ ಎಂದು ಹಳೆಯದನ್ನೆಲ್ಲ ಅಳಿಸುತ್ತ ಕೂತಿದ್ದರು. ಆ ಕೊಂಡಿ ಸಿಕ್ಕಿತು. ನಮ್ಮವರು ಸರ್ಕಾರಿ ಕಚೇರಿಯೊಂದರ ದೂರು ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ದೂರು ಎಂದು ಕಂಡರೆ ಓದದೆ ಬಿಡಲಾರರು. ಓದಿ ನನಗೆ ಅರ್ಥ ಹೇಳಿದರು. ಮೇಲಿನ ಮನೆಯವರು ಬರೆದ ಕೊನೆಯ ಮಾತು ಇಷ್ಟು: ಯಾದಿಯಲ್ಲೇ ತಪ್ಪಿತ್ತು. ಅದನ್ನು ಪರೀಕ್ಷಿಸದೆ ದೂರು ಕೊಟ್ಟದ್ದು ನನ್ನ ತಪ್ಪು. ನಿಮ್ಮ ಎರಡು ದಿನ ಹಾಳುಮಾಡಿದ್ದಕ್ಕೆ ಕ್ಷಮೆಯಿರಲಿ.

ಯಾದಿ ಯಾರದು ಎಂದಿರಲಿಲ್ಲ. ಅದರ ಕೆಳಗೆ ಆ ಹೆಣ್ಣುಮಗಳು, ಪರವಾಗಿಲ್ಲ, ಬಹುಶಃ ನಿಮ್ಮ ಹಳೆಯ ದೂರಿಗೂ ಇದೇ ಕಾರಣವಿರಬೇಕು, ಎರಡನ್ನೂ ಮುಚ್ಚುತ್ತಿದ್ದೇನೆ ಎಂದು ಬರೆದಿದ್ದಳು. ಅದಕ್ಕೆ ಇವರ ಉತ್ತರವಿರಲಿಲ್ಲ.

"ಎರಡು ಫೈಲು ಒಂದ ದಾರದಾಗ ಕಟ್ಟ್ಯಾರ," ಎಂದರು ನಮ್ಮವರು. "ಆದ್ರ ತಾರೀಖು ನೋಡು. ಆ ಹಳೇ ದೂರು ನಿನ್ನ ಏಕಾದಶಿ ಗದ್ದಲಕ್ಕಿಂತ ಒಂದು ವರ್ಷ ಮೊದಲಿಂದು. ಅದಕ್ಕೂ ಯಾದಿಗೂ ಏನು ಸಂಬಂಧ? ಇಷ್ಟು ಶಾಣ್ಯಾ ಮನಷ್ಯಾ ಯಾಕ ಸುಮ್ಮನಾದ್ರು?"

ಯಾಕೆ ಎಂದು ನನಗೆ ಗೊತ್ತಿತ್ತು. ವಾದ ಮಾಡಿದರೆ ಯಾದಿಯ ಕಥೆ ಬಿಚ್ಚಬೇಕು. ಯಾದಿ ಕೊಟ್ಟವರು ಯಾರು, ಕೇಳಿದಾಗ ಏನು ಹೇಳಿದರು ಎಂದು ಬರೆಯಬೇಕು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅವರು ತಮ್ಮ ಅರ್ಧ ಗಂಟೆಯನ್ನು ಬಿಟ್ಟುಕೊಟ್ಟಿದ್ದರು. ನಮ್ಮವರಿಗೆ ಎಲ್ಲ ಹೇಳಿದೆ. ಅವರು, ಮೂವತ್ತೆಂಟು ವರ್ಷದ ಸಂಸಾರದಲ್ಲಿ ನೀನು ನಿನ್ನ ತಪ್ಪು ಒಪ್ಪಿದ್ದು ಇದೇ ಮೊದಲು, ತಾರೀಖು ಬರೆದಿಟ್ಟುಕೊಳ್ಳುತ್ತೇನೆ ಎಂದರು.

ಆಮೇಲೆ ಇಬ್ಬರೂ ಸೇರಿ ಅದರ ಕೆಳಗೇ ಒಂದು ದೂರು ಬರೆಯಲು ಕೂತೆವು. ಅಲ್ಲಿ ಖಾತೆ ತೆರೆಯಲು ನಾನು ಯಂತ್ರವಲ್ಲ ಎಂದು ಒಪ್ಪಿಸಬೇಕಿತ್ತು. ಇದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಡವೇ ಎಂದು ನಮ್ಮವರಿಗೆ ಆಶ್ಚರ್ಯ. ಅವರ ಇಂಗ್ಲಿಷಿನಲ್ಲಿ ಮೊದಲ ಕರಡು ಒಂದೂವರೆ ಪುಟವಾಯಿತು. ಮಹನೀಯರೇ ಎಂದು ಶುರುವಾಗಿ ತಮ್ಮ ವಿಧೇಯ ಎಂದು ಮುಗಿಯುತ್ತಿತ್ತು. ನಾನು ಹೇಳಿಸಿದ ಸಾಲಿಗ್ರಾಮವೂ ಎರಡನೆಯ ಪ್ಯಾರಾದಲ್ಲಿತ್ತು. ಓದಿಸಿ ಕೇಳಿದಾಗ ನನಗೇ ಅದು ಪುರಾಣ ಎನಿಸಿತು. ಎಲ್ಲ ಹೊಡೆದುಹಾಕಿಸಿದೆ. ಉಳಿದದ್ದು ಇಷ್ಟು.

ಮಾಡಿದ್ದು: ಯಾದಿಯಲ್ಲಿ ಎರಡು ತಾರೀಖನ್ನು ನಾನು ಬೇರೆ ಕ್ಯಾಲೆಂಡರಿನಿಂದ ಬರೆದೆ. ಅವರು ಕೇಳಿದಾಗ ಎಲ್ಲ ಒಂದೇ ಪಂಚಾಂಗದ್ದು ಎಂದೆ.

ಆಗಬೇಕಾಗಿದ್ದು: ನಾನು ನಿಜ ಹೇಳಬೇಕಾಗಿತ್ತು.

ಆಗಿದ್ದು: ಅವರ ನಿಜವಾದ ದೂರೂ ಮುಚ್ಚಿಹೋಯಿತು. ಅದು ನನ್ನ ಯಾದಿಗಿಂತ ಒಂದು ವರ್ಷ ಹಳೆಯದು. ದಯಮಾಡಿ ಅದನ್ನು ಮತ್ತೆ ನೋಡಿ, ನಮ್ಮ ಊರಿನ ಗಡಿಯಾರ ಇಟ್ಟು ನೋಡಿ.

ಕಳಿಸುವ ಗುಂಡಿಯನ್ನು ನಾನೇ ಒತ್ತಿದೆ. ದೇವರ ಮುಂದೆ ಎಷ್ಟೋ ಸಲ ತಪ್ಪಾಯಿತು ಎಂದಿದ್ದೇನೆ, ಅಲ್ಲಿ ಯಾರೂ ಆವೃತ್ತಿ ಕೇಳುವುದಿಲ್ಲ. ಇಲ್ಲಿ ಲೋಕವೆಲ್ಲ ಓದುತ್ತದೆ. ಅಂದೇ ಸಂಜೆ ಮಂಡಳಿಗೂ ಹೋಗಿ ಹೇಳಿದೆ. ಬೈಸಿಕೊಳ್ಳಲು ತಯಾರಾಗಿ, ಸ್ವಲ್ಪ ಹೆಚ್ಚೇ ಕೋಸಂಬರಿ ಮಾಡಿಕೊಂಡು ಹೋಗಿದ್ದೆ. ಹಿರಿಯರು ಮೊದಲು ಕೋಸಂಬರಿ ತಿಂದು ಮುಗಿಸಿದರು. ಆಮೇಲೆ, "ನನ್ನ ತಲೆದಿಂಬಿನ ಬಾಜೂಕ ಇತ್ತವಾ ಪಂಚಾಂಗ. ನಾನೂ ತಗದು ನೋಡಲಿಲ್ಲ," ಎಂದರು. ಒಬ್ಬೊಬ್ಬರಾಗಿ ನಾನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ ಎಂದರು. ಕೊನೆಗೆ ಎಲ್ಲರೂ ಸೇರಿ, ಆ ಒಳ್ಳೆಯ ಮನುಷ್ಯನನ್ನು ನಿಲ್ಲಿಸಿ ಕ್ಷಮೆ ಕೇಳಿಸಿದೆಯಲ್ಲ ಎಂದು ನನ್ನನ್ನು ಬೈದರು. ಅದು ಬಾಕಿ ಉಳಿಯಲಿಲ್ಲ ಎಂಬುದೂ ಒಂದು ಉಪಕಾರವೇ.

ಒಂಬತ್ತು ದಿನ ಅಲ್ಲಿಂದ ಏನೂ ಇಲ್ಲ. ಹತ್ತನೆಯ ದಿನ ನಮ್ಮವರು ಫೋನು ಹಿಡಿದುಕೊಂಡು ಅಡಿಗೆಮನೆಗೆ ಬಂದರು. ಅವಸರದಲ್ಲಿ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ನೇಪಾಳದವರು ಯಾರೋ ಬರೆದಿದ್ದರು. ನಮ್ಮ ದೇಶದ ಗಡಿಯಾರ ಐದೂ ಮುಕ್ಕಾಲು, ಇವರು ಹೇಳಿದಂತೆ ತಿಂಗಳು ಬದಲಾಗುವ ಹೊತ್ತು ಇಟ್ಟು ನೋಡಿದೆ, ನನಗೂ ಹಾಗೇ ಆಯಿತು. ಅದರ ಕೆಳಗೆ ಆ ಹೆಣ್ಣುಮಗಳು, ಈಗ ನನಗೂ ಆಯಿತು, ಹಳೆಯ ದೂರನ್ನು ತೆರೆಯುತ್ತಿದ್ದೇನೆ ಎಂದಿದ್ದಳು.

ನಾನು ಲಟ್ಟಣಿಗೆ ಕೆಳಗಿಟ್ಟು ಇನ್ನೊಮ್ಮೆ ಓದಿರಿ ಎಂದೆ.

ಮಧ್ಯಾಹ್ನ ಹುಬ್ಬಳ್ಳಿಯಿಂದ ಫೋನು ಬಂತು. ದೂರು ಅವರದೇ ಆದ್ದರಿಂದ ಅಲ್ಲಿ ಯಾರು ಏನು ಬರೆದರೂ ಅವರಿಗೆ ಹೋಗುತ್ತದಂತೆ. ಹತ್ತು ದಿನದ ಹಿಂದೆಯೇ ನಾನು ಬರೆದದ್ದನ್ನು ಓದಿದ್ದರು ಎಂದಾಯಿತು.

"ವೈನಿ, ಆವೃತ್ತಿ ಬರದಿಲ್ಲಲ್ರಿ," ಎಂದರು. "ಯಾವ ಕಂಪ್ಯೂಟರು, ಯಾವ ಆವೃತ್ತಿ, ಏನೂ ಇಲ್ಲ. ಹಿಂಗ ದೂರು ಕೊಡೂದೇನ್ರಿ?"

ನಾನು, ಅವತ್ತು ನೀವು ಅಡಿಗೆಮನೆಗೆ ಬಂದಾಗ ನಾನು, ಎಂದು ಶುರುಮಾಡಿದೆ.

"ಅದು ಪುರಾಣ," ಎಂದರು.

ಅವರ ಕೈ ಕಿವಿಯ ಮೇಲಿರುತ್ತದೆ ಎಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಕೇಳಿದರು.

"ಮುಂದಿನ ಏಕಾದಶಿ ಯಾವತ್ತರಿ? ಅಕ್ಕ ಕೇಳ್ಲಿಕತ್ತಾಳ."

ಹುಬ್ಬಳ್ಳಿಯ ಅವರ ಅಕ್ಕನ ಮನೆಯಲ್ಲಿ ಪಂಚಾಂಗವಿಲ್ಲದೆ ಏನಿಲ್ಲ. ನಾನು ಅದನ್ನು ಹೇಳಲಿಲ್ಲ. ತಡೀರಿ ಎಂದು ದೇವರ ಗೂಡಿನಿಂದ ಮಠದ ಪಂಚಾಂಗ ತಂದು, ಹಾಳೆ ಒಂದೊಂದಾಗಿ ಬಿಡಿಸಿ, ಈ ವರ್ಷದ್ದೇ ಎಂದು ಮೇಲಿನ ಹೊದಿಕೆಯನ್ನೂ ನೋಡಿ, ತಾರೀಖನ್ನು ಓದಿ ಹೇಳಿದೆ.

ಅವರು ಬರೆದುಕೊಂಡರು. ಯಾವ ಪಂಚಾಂಗದ್ದು ಎಂದು ತಿರುಗಿ ಕೇಳಲಿಲ್ಲ.